ಎಕ್ಲೇಸಿಯಾ ಇಂಗ್ಲಿಷಿಗೆ ಬಂದ ಬಗೆ: ಒಂದು ಪದವಿವಾದದ ಚರಿತ್ರೆ

1604ರ ಜನವರಿಯಲ್ಲಿ ಇಂಗ್ಲೆಂಡಿನ ಅರಸನಾದ ಒಂದನೆಯ ಜೇಮ್ಸ್ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಬಿಷಪರನ್ನೂ ಪ್ಯೂರಿಟನ್ ಬೋಧಕರನ್ನೂ ಒಂದೆಡೆ ಕೂಡಿಸಿದನು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಸತ್ಯವೇದದ ಕಾರ್ಯವು ಹೊರಟದ್ದು ಆ ಸಮಾಲೋಚನೆಯಿಂದ. ಭಾಷಾಂತರಕ್ಕೆ ನೇಮಕವಾದ ವಿದ್ವಾಂಸರಿಗೆ ರಿಚರ್ಡ್ ಬ್ಯಾಂಕ್ರಾಫ್ಟನು ಕೆಲವು ನಿಯಮಗಳನ್ನು ಬರೆದುಕೊಟ್ಟನು. ಹಳೆಯ ಸಭಾಪರಂಪರೆಯ ಪದಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ಅವುಗಳಲ್ಲಿ ಮೂರನೆಯದು. ಉದಾಹರಣೆಗೆಂದು ಅಲ್ಲಿ ಹೆಸರಿಸಿರುವುದು ಒಂದೇ ಪದವನ್ನು: ‘ಚರ್ಚ್’ ಎಂಬುದನ್ನು ‘ಕಾಂಗ್ರಿಗೇಶನ್’ ಎಂದು ಭಾಷಾಂತರಿಸಕೂಡದು. ಸತ್ಯವೇದದಲ್ಲಿ ಭಾಷಾಂತರಕಾರನನ್ನು ಕಾಡುವ ಪದಗಳು ನೂರಾರು ಇವೆ. ಅರಸನಿಗೂ ಬಿಷಪರಿಗೂ ಈ ಒಂದು ಪದವೇ ಏಕೆ ಮುಳ್ಳಾಯಿತೆಂದು ತಿಳಿಯಬೇಕಾದರೆ ಅದಕ್ಕಿಂತ ಎಂಭತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಪದಗಳ ಮೂಲವನ್ನು ಗಮನಿಸೋಣ. ಹೊಸ ಒಡಂಬಡಿಕೆಯಲ್ಲಿ ವಿಶ್ವಾಸಿಗಳ ಸಮುದಾಯಕ್ಕೆ ಬಳಸಿರುವ ಗ್ರೀಕ್ ಪದ ‘ಎಕ್ಲೇಸಿಯಾ’. ಅದು ಕ್ರೈಸ್ತರು ಹುಟ್ಟಿಸಿದ ಪದವಲ್ಲ. ಗ್ರೀಕ್ ಪಟ್ಟಣಗಳ ಪೌರರು ನಗರದ ವ್ಯವಹಾರಗಳನ್ನು ತೀರ್ಮಾನಿಸಲು ಕೂಡುತ್ತಿದ್ದ ಸಭೆಗೆ ಆ ಹೆಸರು ಮೊದಲೇ ಇತ್ತು. ಲ್ಯಾಟಿನ್ ಭಾಷೆಯು ಆ ಪದವನ್ನು ಭಾಷಾಂತರಿಸದೆ ‘ಎಕ್ಲೇಸಿಯ’ ಎಂದೇ ಉಳಿಸಿಕೊಂಡಿತು. ಅದರಿಂದ ಪೋರ್ಚುಗೀಸರ ‘ಇಗ್ರೆಜ’ ಬಂದಿತು; ನಮ್ಮ ಕರಾವಳಿಯ ‘ಇಗರ್ಜಿ’ಯು ಅದರ ಮಗಳು. ಇಂಗ್ಲಿಷಿನ ‘ಚರ್ಚ್’ ಈ ವಂಶಕ್ಕೆ ಸೇರಿದುದಲ್ಲ. ಅದರ ಮೂಲ ‘ಕುರಿಯಕೊನ್’, ಅಂದರೆ ಕರ್ತನದು, ಕರ್ತನ ಮನೆ. ಹೀಗೆ ಆ ಪದವು ಹುಟ್ಟಿನಿಂದಲೇ ಕಟ್ಟಡದ ನೆರಳನ್ನು ಹೊತ್ತು ಬಂದಿದೆ. ‘ಕಾಂಗ್ರಿಗೇಶನ್’ ಲ್ಯಾಟಿನ್ನಿನಿಂದ ಬಂದದ್ದು. ‘ಗ್ರೆಕ್ಸ್’ ಎಂದರೆ ಮಂದೆ, ಮಂದೆಯಂತೆ ಒಟ್ಟುಗೂಡಿದ್ದು ಕಾಂಗ್ರಿಗೇಶನ್. ಒಂದು ಪದ ಯಾರಿಗೆ ಸೇರಿದ್ದೆಂಬುದನ್ನು ಹೇಳುತ್ತದೆ, ಇನ್ನೊಂದು ಯಾರು ಕೂಡಿಬಂದರೆಂಬುದನ್ನು ಹೇಳುತ್ತದೆ.

ವಿಲಿಯಂ ಟಿಂಡೇಲನ ಹೊಸ ಒಡಂಬಡಿಕೆಯು 1526ರಲ್ಲಿ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ ಅಚ್ಚಾಗಿ ಇಂಗ್ಲೆಂಡಿಗೆ ಗುಟ್ಟಾಗಿ ಸಾಗಿಬಂದಿತು. ಅದರಲ್ಲಿ ಎಕ್ಲೇಸಿಯಾ ಎಂಬಲ್ಲೆಲ್ಲ ‘ಕಾಂಗ್ರಿಗೇಶನ್’ ಎಂದಿತ್ತು. ಅದಕ್ಕಿಂತ ನಾಲ್ಕು ವರ್ಷ ಮೊದಲು ಲೂಥರನು ಜರ್ಮನ್ ಭಾಷೆಯಲ್ಲಿ ‘ಗೆಮೈನೆ’ ಎಂಬ ಸಮುದಾಯವಾಚಕ ಪದವನ್ನು ಬಳಸಿದ್ದನು. ಟಿಂಡೇಲನ ಪುಸ್ತಕದಲ್ಲಿ ‘ಚರ್ಚ್’ ಎಂಬ ಪದ ಇಲ್ಲವೇ ಇಲ್ಲವೆಂದಲ್ಲ. ಲುಸ್ತ್ರದಲ್ಲಿ ಜ್ಯೂಪಿಟರನ ಪೂಜಾರಿಯು ಪೌಲ ಬಾರ್ನಬರಿಗೆ ಬಲಿಯರ್ಪಿಸಲೆಂದು ಎತ್ತುಗಳನ್ನು ತಂದು ನಿಲ್ಲಿಸುವ ಬಾಗಿಲು ಅವನ ಭಾಷೆಯಲ್ಲಿ ‘ಚರ್ಚ್’ನ ಬಾಗಿಲು! ಅನ್ಯದೇವತೆಯ ಗುಡಿಗೆ ಆ ಪದ, ಕ್ರಿಸ್ತನ ಜನರಿಗೆ ಬೇರೊಂದು ಪದ. ಇದರಲ್ಲಿದ್ದ ಚುಚ್ಚನ್ನು ಅಂದಿನ ಓದುಗರು ಅರಿಯದೆ ಇರಲಿಲ್ಲ.

ಸರ್ ತೋಮಸ್ ಮೋರನು 1529ರಲ್ಲಿ ಪ್ರಕಟಿಸಿದ ಸಂವಾದಗ್ರಂಥದಲ್ಲಿ ಟಿಂಡೇಲನ ಮೇಲೆ ಹೊರಿಸಿದ ಮುಖ್ಯ ಆಪಾದನೆಗಳು ಮೂರು ಪದಗಳಿಗೆ ಸಂಬಂಧಿಸಿದವು. ಯಾಜಕನನ್ನು ‘ಹಿರಿಯ’ನೆಂದದ್ದು, ‘ಚಾರಿಟಿ’ಯನ್ನು ಬರಿಯ ‘ಪ್ರೀತಿ’ ಎಂದದ್ದು, ಮತ್ತು ‘ಚರ್ಚ್’ ಎಂಬುದನ್ನು ‘ಕಾಂಗ್ರಿಗೇಶನ್’ ಎಂದದ್ದು. ಪ್ರೊಟೆಸ್ಟಂಟ್ ಚರಿತ್ರೆಕಾರರು ಈ ಆಪಾದನೆಯನ್ನು ಹಗುರವಾಗಿ ತಳ್ಳಿಹಾಕುವುದುಂಟು. ನನ್ನ ಅಭಿಪ್ರಾಯದಲ್ಲಿ ಭಾಷಾದೃಷ್ಟಿಯಿಂದ ಮೋರನ ವಾದವು ಬಲವಾದುದೇ. ಪದದ ಅರ್ಥವು ಆಡುವ ಜನರ ಬಳಕೆಯಲ್ಲಿದೆ, ಅದರ ಹುಟ್ಟಿನಲ್ಲಿಲ್ಲ ಎಂಬುದು ಅವನ ನಿಲುವು. ಇಂಗ್ಲಿಷರ ಬಾಯಲ್ಲಿ ‘ಕಾಂಗ್ರಿಗೇಶನ್’ ಎಂದರೆ ಯಾವುದೇ ಗುಂಪು. ತುರ್ಕರು ಕೂಡಿದರೂ ಅದು ಕಾಂಗ್ರಿಗೇಶನ್ನೇ. ‘ಚರ್ಚ್’ ಎಂಬುದಾದರೋ ನೂರಾರು ವರ್ಷಗಳಿಂದ ಕ್ರೈಸ್ತ ಜನರನ್ನೇ ಸೂಚಿಸುತ್ತ ಬಂದ ಪದ. ವಿಕ್ಲಿಫನ ಹೆಸರಿನಲ್ಲಿ ಪ್ರಸಿದ್ಧವಾದ ಹದಿನಾಲ್ಕನೇ ಶತಮಾನದ ಭಾಷಾಂತರದಲ್ಲಿಯೂ ಅದೇ ಪದವಿತ್ತು. ಸ್ಪಷ್ಟವಾದ ಹೆಸರನ್ನು ಬಿಟ್ಟು ಮಸುಕಾದುದನ್ನು ಆರಿಸಿಕೊಂಡವನಿಗೆ ಏನೋ ದುರುದ್ದೇಶವಿರಬೇಕೆಂದು ಮೋರನು ವಾದಿಸಿದನು.

1531ರಲ್ಲಿ ಪ್ರಕಟವಾದ ಟಿಂಡೇಲನ ಉತ್ತರವು ಬಳಕೆಯೆಂಬ ಅದೇ ನೆಲದ ಮೇಲೆ ನಿಂತು ಎದುರು ಹೇಳುತ್ತದೆ. ‘ಚರ್ಚ್’ ಎಂದಾಗ ಸಾಮಾನ್ಯ ಜನರ ಮನಸ್ಸಿಗೆ ಬರುವುದು ಮೊದಲು ಕಲ್ಲುಕಟ್ಟಡ; ಆಮೇಲೆ ತಲೆ ಬೋಳಿಸಿಕೊಂಡ ಪಾದ್ರಿವರ್ಗ. ‘ಚರ್ಚಿನ ಅಧಿಕಾರ’, ‘ಚರ್ಚಿನ ಸೊತ್ತು’ ಎಂಬ ಮಾತುಗಳಲ್ಲಿ ಒಕ್ಕಲಿಗನಿಗೂ ನೇಕಾರನಿಗೂ ಪಾಲಿಲ್ಲ. ಕ್ರಿಸ್ತನನ್ನು ನಂಬಿದ ಸಮಸ್ತರ ಸಮುದಾಯವೆಂಬ ಮೂರನೆಯ ಅರ್ಥವನ್ನು ಈ ಎರಡು ಅರ್ಥಗಳು ನುಂಗಿಹಾಕಿವೆ. ‘ಕಾಂಗ್ರಿಗೇಶನ್’ ಸಾಮಾನ್ಯ ಪದವೆಂಬುದು ನಿಜ, ಆದರೆ ಎಕ್ಲೇಸಿಯಾ ಸಹ ಹಾಗೆಯೇ ಇತ್ತಲ್ಲವೆ? ಎಫೆಸದಲ್ಲಿ ಅರ್ತೆಮಿ ದೇವಿಯ ಪರವಾಗಿ ಗದ್ದಲವೆಬ್ಬಿಸಿದ ಗುಂಪನ್ನೂ ಲೂಕನು ಎಕ್ಲೇಸಿಯಾ ಎಂದೇ ಕರೆದಿದ್ದಾನೆ. ಇದರೊಂದಿಗೆ ಟಿಂಡೇಲನು ಒಂದು ಕಿಡಿನುಡಿಯನ್ನೂ ಸೇರಿಸಿದನು: ಮೋರನ ಪ್ರಿಯಮಿತ್ರನಾದ ಎರಾಸ್ಮಸನು ತನ್ನ ಲ್ಯಾಟಿನ್ ಹೊಸ ಒಡಂಬಡಿಕೆಯಲ್ಲಿ ಹಲವು ಕಡೆ ‘ಕಾಂಗ್ರೆಗಾತ್ಸಿಯೊ’ ಎಂದು ಬರೆದಾಗ ಅವನನ್ನೇಕೆ ಯಾರೂ ಕೇಳಲಿಲ್ಲ? ಮೋರನ ಮರುನುಡಿ ಪ್ರಾಮಾಣಿಕವಾದುದು. ಎರಾಸ್ಮಸನಲ್ಲಿ ದುರುದ್ದೇಶ ಕಂಡಿಲ್ಲ, ಟಿಂಡೇಲನಲ್ಲಿ ಕಂಡಿದೆ ಎಂದನು. ಅಲ್ಲಿಗೆ ವಾದವು ನಿಘಂಟನ್ನು ದಾಟಿತ್ತು. ಎಕ್ಲೇಸಿಯಾದ ಪರವಾಗಿ ಮಾತಾಡುವ ಹಕ್ಕು ಯಾರದೆಂಬುದೇ ಪ್ರಶ್ನೆಯಾಗಿತ್ತು. 1535ರ ಜುಲೈ ತಿಂಗಳಲ್ಲಿ ಮೋರನು ಅರಸನ ಆಜ್ಞೆಯಿಂದ ಶಿರಚ್ಛೇದಕ್ಕೊಳಗಾದನು. 1536ರ ಅಕ್ಟೋಬರದಲ್ಲಿ ಟಿಂಡೇಲನನ್ನು ವಿಲ್ವೋರ್ಡಿನಲ್ಲಿ ಕೊರಳು ಬಿಗಿದು ಕೊಂದು ಸುಟ್ಟರು.

ಮುಂದಿನ ದಶಕಗಳಲ್ಲಿ ಪದವು ಪಕ್ಷ ಬದಲಾಯಿಸುತ್ತ ಸಾಗಿದ್ದು ಕುತೂಹಲಕರವಾಗಿದೆ. ಕವರ್ಡೇಲನ 1535ರ ಸತ್ಯವೇದವೂ, ಅರಸನ ಅಪ್ಪಣೆಯಿಂದ ಊರೂರ ದೇವಾಲಯಗಳಲ್ಲಿ ಇರಿಸಲ್ಪಟ್ಟ 1539ರ ದೊಡ್ಡ ಸತ್ಯವೇದವೂ ‘ಕಾಂಗ್ರಿಗೇಶನ್’ ಎಂದೇ ಬರೆದವು. 1542ರಲ್ಲಿ ಬಿಷಪ್ ಗಾರ್ಡಿನರನು ಇಂಗ್ಲಿಷಿಗೆ ತರಲಾಗದೆ ಲ್ಯಾಟಿನ್ ರೂಪದಲ್ಲಿಯೇ ಉಳಿಸಬೇಕಾದ ಪದಗಳ ಉದ್ದನೆಯ ಪಟ್ಟಿಯನ್ನು ಮಂಡಿಸಿದಾಗ ಅದರ ಮೊದಲಲ್ಲಿದ್ದ ಪದ ‘ಎಕ್ಲೇಸಿಯ’. ಆಶ್ಚರ್ಯವೆಂದರೆ 1560ರಲ್ಲಿ ಜಿನೀವದ ದೇಶಭ್ರಷ್ಟ ಸುಧಾರಕರು ಹೊರತಂದ ಸತ್ಯವೇದ, ಪ್ಯೂರಿಟನರಿಗೆ ಪ್ರಾಣವಾಗಿದ್ದ ಗ್ರಂಥ, ಮತ್ತಾಯ 16:18ರಲ್ಲಿ ‘ಚರ್ಚ್’ ಎಂಬುದಕ್ಕೆ ಮರಳಿತು. ಶಿಸ್ತುಳ್ಳ ಸಭಾಡಳಿತವನ್ನು ಕಟ್ಟುತ್ತಿದ್ದವರಿಗೆ ಆ ಪದ ಈಗ ಬೇಕಾಗಿತ್ತು. ಅದೇ ವಚನದಲ್ಲಿ ಬಿಷಪರೇ 1568ರಲ್ಲಿ ಹೊರತಂದ ಸತ್ಯವೇದ ಇನ್ನೂ ‘ಕಾಂಗ್ರಿಗೇಶನ್’ ಎನ್ನುತ್ತಿತ್ತು. ಹೀಗಿದ್ದರೂ 1611ರ ಮುನ್ನುಡಿಯಲ್ಲಿ ಮೈಲ್ಸ್ ಸ್ಮಿತ್ ‘ಚರ್ಚ್’ ಎಂಬುದನ್ನು ಬಿಟ್ಟು ‘ಕಾಂಗ್ರಿಗೇಶನ್’ ಎನ್ನುವ ಅತಿಸೂಕ್ಷ್ಮತೆಯನ್ನು ಪ್ಯೂರಿಟನರ ತಲೆಗೆ ಕಟ್ಟಿದ್ದಾನೆ. ಆ ಏಟು ಯಾರ ಬೆನ್ನಿಗೆ ಬಿತ್ತೆಂಬುದನ್ನು ಅವನ ಬಿಷಪರು ನೋಡಿಕೊಂಡಂತೆ ಕಾಣುವುದಿಲ್ಲ.

ಇಂಗ್ಲೆಂಡಿನ ಸಭೆಯ ಮೂವತ್ತೊಂಬತ್ತು ವಿಧಿಗಳಲ್ಲಿ ಹತ್ತೊಂಬತ್ತನೆಯದಂತೂ ದೃಶ್ಯವಾದ ‘ಚರ್ಚ್’ ಎಂದರೇನೆಂಬ ಪ್ರಶ್ನೆಗೆ ಅದು ನಂಬಿಗಸ್ತರ ‘ಕಾಂಗ್ರಿಗೇಶನ್’ ಎಂದೇ ಉತ್ತರ ಕೊಡುತ್ತದೆ. ಹೆಸರು ಮೋರನದು, ವ್ಯಾಖ್ಯಾನ ಟಿಂಡೇಲನದು.

ನಿಯಮದಿಂದಾದ ನಷ್ಟವನ್ನು ಕಾಣಬೇಕಾದರೆ ಹಳೆಯ ಒಡಂಬಡಿಕೆಯನ್ನು ತೆರೆಯಬೇಕು. ಇಬ್ರಿಯ ಭಾಷೆಯಲ್ಲಿ ಇಸ್ರಾಯೇಲ್ಯರ ಸಮೂಹಕ್ಕೆ ‘ಕಾಹಾಲ್’, ‘ಏದಾ’ ಎಂಬ ಎರಡು ಪದಗಳಿವೆ. ಕರೆಗೆ ಓಗೊಟ್ಟು ನೆರೆದದ್ದು ಕಾಹಾಲ್. ನೆರೆಯದೆ ಇರುವಾಗಲೂ ಒಂದು ಜನವಾಗಿ ಇರುವುದು ಏದಾ ಎಂದು ಸ್ಥೂಲವಾಗಿ ಹೇಳಬಹುದು. ಗ್ರೀಕ್ ಸೆಪ್ಟುವಜಿಂಟಿನ ಭಾಷಾಂತರಕಾರರು ಏದಾ ಎಂಬುದಕ್ಕೆ ‘ಸುನಗೋಗೆ’ ಎಂಬ ಪದವನ್ನು ಹೆಚ್ಚಾಗಿ ಬಳಸಿದರು. ಕಾಹಾಲ್ ಎಂಬುದಕ್ಕೆ ಪಂಚಗ್ರಂಥಗಳ ಮೊದಲಿನ ಭಾಗಗಳಲ್ಲಿ ಅದೇ ಪದವನ್ನೂ, ಧರ್ಮೋಪದೇಶಕಾಂಡದಿಂದ ಮುಂದಕ್ಕೆ ಬಹುಪಾಲು ಎಕ್ಲೇಸಿಯಾ ಎಂಬುದನ್ನೂ ಇಟ್ಟರು. ಆದುದರಿಂದ ಗ್ರೀಕ್ ಸತ್ಯವೇದವನ್ನು ಓದುತ್ತಿದ್ದ ಆದಿ ಕ್ರೈಸ್ತನಿಗೆ ಹೋರೇಬಿನ ಬುಡದಲ್ಲಿ ನೆರೆದ ಜನವೂ ಕೊರಿಂಥದ ಮನೆಯೊಂದರಲ್ಲಿ ರೊಟ್ಟಿ ಮುರಿಯುವ ಜನವೂ ಒಂದೇ ಹೆಸರಿನವರಾಗಿದ್ದರು.

ಇಂಗ್ಲಿಷ್ ಓದುಗನಿಗೆ ಆ ನೂಲು ಕಡಿದುಹೋಯಿತು. ನಿಯಮವು ಹೊಸ ಒಡಂಬಡಿಕೆಯ ಎಕ್ಲೇಸಿಯಾವನ್ನು ‘ಚರ್ಚ್’ ಎಂದು ಬಿಗಿದು ಕಟ್ಟಿತು; ಹಳೆಯ ಒಡಂಬಡಿಕೆಯಲ್ಲಿ ಕಾಹಾಲ್ ಎಂಬುದು ‘ಕಾಂಗ್ರಿಗೇಶನ್’, ‘ಅಸೆಂಬ್ಲಿ’, ‘ಕಂಪನಿ’ ಎಂದು ಚದರಿತು. ಇಪ್ಪತ್ತೆರಡನೆಯ ಕೀರ್ತನೆಯ 22ನೇ ವಚನವನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತೃವು 2:12ರಲ್ಲಿ ಕ್ರಿಸ್ತನ ಬಾಯಿಂದ ಹೇಳಿಸುತ್ತಾನೆ. ಅರಸನ ಸತ್ಯವೇದದಲ್ಲಿ ಕೀರ್ತನೆಯನ್ನು ಓದಿದರೆ ಸ್ತೋತ್ರ ನಡೆಯುವುದು ‘ಕಾಂಗ್ರಿಗೇಶನ್’ ಮಧ್ಯದಲ್ಲಿ, ಪತ್ರಿಕೆಯನ್ನು ಓದಿದರೆ ‘ಚರ್ಚ್’ ಮಧ್ಯದಲ್ಲಿ! ಒಂದೇ ವಚನ, ಒಂದೇ ಪುಸ್ತಕ, ಇಬ್ಬರು ಬೇರೆ ಬೇರೆ ಜನರೆಂಬಂತೆ ಎರಡು ಹೆಸರು. ಅಪೊಸ್ತಲರ ಕೃತ್ಯಗಳು 7:38ರಲ್ಲಿ ಮಾತ್ರ ಸ್ತೆಫನನು ಅರಣ್ಯದ ಇಸ್ರಾಯೇಲ್ಯರನ್ನು ‘ಚರ್ಚ್’ ಎನ್ನುವಂತೆ ಆಗಿದೆ. ಅಲ್ಲಿ ನಿಯಮವೇ ಒಂದು ಸತ್ಯವನ್ನು ಅರಿಯದೆ ಉಳಿಸಿತು. ಯಾಕೋಬನ ಪತ್ರಿಕೆಯಲ್ಲಿ (2:2) ಇದಕ್ಕೆ ತಿರುಗಾದ ಸಂಗತಿಯಿದೆ. ಚಿನ್ನದ ಉಂಗುರದವನೂ ಹರಕು ಬಟ್ಟೆಯ ಬಡವನೂ ಒಳಬರುವ ಕ್ರೈಸ್ತರ ಕೂಟವನ್ನು ಯಾಕೋಬನು ‘ಸುನಗೋಗೆ’ ಎಂದಿದ್ದಾನೆ. 1611ರವರು ಅಲ್ಲಿ ‘ಸಿನಗಾಗ್’ ಎಂದು ಬರೆಯದೆ ‘ಅಸೆಂಬ್ಲಿ’ ಎಂದರು. ಹೀಗೆ ‘ಚರ್ಚ್’ ಕ್ರೈಸ್ತರದು, ‘ಸಿನಗಾಗ್’ ಯೆಹೂದ್ಯರದು ಎಂಬ ಗೋಡೆಯು ಮೂಲದಲ್ಲಿ ಇಲ್ಲದಷ್ಟು ಎತ್ತರವಾಗಿ ಭಾಷಾಂತರದಲ್ಲಿ ಎದ್ದಿತು. ಇಸ್ರಾಯೇಲನ್ನು ಬದಿಗೆ ಸರಿಸಿ ಸಭೆಯೇ ಅದರ ಸ್ಥಾನದಲ್ಲಿ ಕೂತಿತೆಂಬ ಬೋಧನೆಗೆ ಈ ಪದವಿಂಗಡಣೆಯೊಂದೇ ಕಾರಣವೆಂದು ಹೇಳುವಷ್ಟು ದೂರ ಹೋಗಬೇಕಾಗಿಲ್ಲ. ಅದನ್ನು ಪ್ರಶ್ನಿಸದೆ ನಂಬಲು ಇಂಗ್ಲಿಷ್ ಓದುಗನಿಗೆ ಇದು ಅನುಕೂಲ ಮಾಡಿಕೊಟ್ಟಿತೆಂಬುದು ಮಾತ್ರ ನಿಶ್ಚಯ.

ಸತ್ಯವೇದದ ಹೊಸ ಒಡಂಬಡಿಕೆಯಿಂದ ಹೊರದೂಡಲ್ಪಟ್ಟ ‘ಕಾಂಗ್ರಿಗೇಶನ್’ ಹೊರಗೆ ಬೆಳೆಯಿತು. 1557ರಲ್ಲಿಯೇ ಸ್ಕಾಟ್ಲೆಂಡಿನ ಪ್ರೊಟೆಸ್ಟಂಟ್ ಸರದಾರರು ತಮ್ಮ ಒಕ್ಕೂಟಕ್ಕೆ ಆ ಹೆಸರನ್ನು ಇಟ್ಟುಕೊಂಡಿದ್ದರು. ಅಲ್ಲಿ ಅದು ಕತ್ತಿ ಹಿಡಿದ ಪಕ್ಷದ ಹೆಸರಾಯಿತು. ಇಂಗ್ಲೆಂಡಿನಲ್ಲಿ ಪ್ರತಿಯೊಂದು ಸ್ಥಳೀಯ ಸಮುದಾಯವೂ ತನ್ನಲ್ಲಿಯೇ ಪೂರ್ಣವಾದ ಸಭೆಯೆಂದು ನಂಬಿದವರು ಕಾಲಕ್ರಮದಲ್ಲಿ ‘ಕಾಂಗ್ರಿಗೇಶನಲ್’ ಸಭೆಯವರೆನಿಸಿಕೊಂಡರು. ರೋಮನ್ ಕಥೋಲಿಕರ ಇಂಗ್ಲಿಷಿನಲ್ಲಿ ಅದೇ ಪದಕ್ಕೆ 2022ರ ತನಕ ರೋಮಿನ ಆಡಳಿತ ಇಲಾಖೆ ಎಂಬ ಅರ್ಥವಿತ್ತು; ಸನ್ಯಾಸಿನಿಯರ ಸಂಘ ಎಂಬ ಅರ್ಥವೂ ಇದೆ.

ಅಧಿಕಾರಕ್ಕೆ ಒಪ್ಪಿಗೆಯಿಲ್ಲದ ಕೂಟಕ್ಕೆ ಕಾನೂನು ಇಟ್ಟ ಹೆಸರು ‘ಕಾನ್ವೆಂಟಿಕಲ್’, ಅಂದರೆ ಚಿಕ್ಕ ಕೂಟ. (ನಮ್ಮ ಊರುಗಳಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೆಸರಾಗಿಬಿಟ್ಟಿರುವ ‘ಕಾನ್ವೆಂಟ್’ ಇದರ ಅಕ್ಕ.) 1660ರಲ್ಲಿ ಜಾನ್ ಬನಿಯನ್ನನು ಸೆರೆಮನೆಗೆ ಹೋದದ್ದು ಇಂಥ ಕೂಟ ನಡೆಸಿದನೆಂಬ ಆಪಾದನೆಯ ಮೇಲೆ. 1664ರ ಶಾಸನವು ಲೆಕ್ಕವನ್ನೂ ಹಾಕಿಕೊಟ್ಟಿತು: ಮನೆಯವರನ್ನು ಬಿಟ್ಟು ಐವರು ಅಥವಾ ಹೆಚ್ಚು ಮಂದಿ ನಿಯಮಿತ ಪ್ರಾರ್ಥನಾಪುಸ್ತಕದ ರೀತಿಯನ್ನು ಬಿಟ್ಟು ಆರಾಧನೆಗೆ ಕೂಡಿದರೆ ಅದು ಅಪರಾಧ. ಇಬ್ಬರು ಮೂವರು ಕೂಡಿಬಂದಲ್ಲಿ ಕರ್ತನಿರುವನೆಂದು ಸುವಾರ್ತೆ ಹೇಳಿದರೆ, ಐದನೆಯವನು ಬಂದಲ್ಲಿ ದಂಡವಿರುವುದೆಂದು ಪಾರ್ಲಿಮೆಂಟು ಹೇಳಿತು.

ಕ್ವೇಕರರು ‘ಚರ್ಚ್’ ಎಂಬ ಪದವನ್ನು ಕಟ್ಟಡಕ್ಕೆ ಬಳಸಲು ಒಪ್ಪಲೇ ಇಲ್ಲ. ಅದನ್ನು ‘ಗೋಪುರದ ಮನೆ’ ಎಂದು ಕರೆದು, ತಮ್ಮ ಆರಾಧನೆಗೆ ‘ಮೀಟಿಂಗ್’ ಎಂಬ ಬರಿಯ ನಿತ್ಯದ ಪದವನ್ನು ಸಾಕೆಂದರು. ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯಲ್ಲಿದ್ದ ಅವರ ಕೂಟದ ಮನೆಗೆ ಸೈನಿಕರು ಪ್ರವೇಶ ತಡೆದುದರಿಂದ 1670ರ ಆಗಸ್ಟ್ 14ರಂದು ಅವರು ಬೀದಿಯಲ್ಲಿಯೇ ಕೂಡಿದರು. ಅಲ್ಲಿ ಮಾತಾಡಿದ ವಿಲಿಯಂ ಪೆನ್ನನನ್ನೂ ಅವನೊಂದಿಗಿದ್ದ ವಿಲಿಯಂ ಮೀಡನನ್ನೂ ಕಾನೂನುಬಾಹಿರವಾಗಿ, ಗದ್ದಲವಾಗಿ ಕೂಟ ಸೇರಿಸಿದರೆಂದು ವಿಚಾರಣೆಗೆ ಗುರಿಪಡಿಸಲಾಯಿತು. ಹನ್ನೆರಡು ಮಂದಿ ಜೂರಿಗಳು ಹಿಂದಿರುಗಿ ಬಂದು, ಪೆನ್ನನು ಗ್ರೇಸ್‌ಚರ್ಚ್ ಬೀದಿಯಲ್ಲಿ ಮಾತಾಡಿದ ಮಟ್ಟಿಗೆ ಅಪರಾಧಿ ಎಂದರು. ನ್ಯಾಯಪೀಠಕ್ಕೆ ಅದು ಸಾಲಲಿಲ್ಲ. ಮತ್ತೆ ಕಳುಹಿಸಿದಾಗ, ಅಲ್ಲಿ ನೆರೆದಿದ್ದ ‘ಅಸೆಂಬ್ಲಿ’ಗೆ ಮಾತಾಡಿದನೆಂದು ಬರೆದುಕೊಟ್ಟರು. ‘ಕಾನೂನುಬಾಹಿರ’ ಎಂಬ ವಿಶೇಷಣವನ್ನು ಮಾತ್ರ ಸೇರಿಸಲಿಲ್ಲ. ಎರಡು ರಾತ್ರಿ ಅನ್ನ, ನೀರು, ಬೆಂಕಿ ಕೊಡದೆ ಕೂಡಿಹಾಕಿದರೂ ಸೇರಿಸಲಿಲ್ಲ. ಕೊನೆಗೆ ಇಬ್ಬರನ್ನೂ ನಿರಪರಾಧಿಗಳೆಂದು ಸಾರಿದರು. ಅದಕ್ಕಾಗಿ ತಲಾ ನಾಲ್ವತ್ತು ಮಾರ್ಕ್ ದಂಡ ಬಿತ್ತು. ಎಡ್ವರ್ಡ್ ಬುಷೆಲನೆಂಬ ಜೂರಿಯು ದಂಡ ಕೊಡಲೊಪ್ಪದೆ ಸೆರೆಯಲ್ಲಿ ಕೂತು ಹೂಡಿದ ವ್ಯಾಜ್ಯದಲ್ಲಿ, ತೀರ್ಪಿಗಾಗಿ ಜೂರಿಯನ್ನು ದಂಡಿಸಲಾಗದೆಂದು ಮುಖ್ಯ ನ್ಯಾಯಾಧೀಶ ವಾನ್ ತೀರ್ಮಾನಿಸಿದನು. ಒಂದು ವಿಶೇಷಣವನ್ನು ಬರೆಯಲೊಲ್ಲದ ಹನ್ನೆರಡು ಮಂದಿ ಲೌಕಿಕರಿಂದ ಸಭೆಯ ಚರಿತ್ರೆಗೆ ಬಂದ ಉಪಕಾರವು, ಆ ಕಾಲದ ಎಷ್ಟೋ ದೈವಶಾಸ್ತ್ರ ಗ್ರಂಥಗಳಿಂದ ಬಂದುದಕ್ಕಿಂತ ದೊಡ್ಡದು.

ಹದಿನೆಂಟನೇ ಶತಮಾನದಲ್ಲಿ ಜಾನ್ ವೆಸ್ಲಿಯು ಇನ್ನೊಂದು ದಾರಿ ಹಿಡಿದನು. ತನ್ನ ಅನುಯಾಯಿಗಳ ಕೂಟಗಳನ್ನು ‘ಚರ್ಚ್’ ಎನ್ನದೆ ‘ಸೊಸೈಟಿ’ ಎಂದನು. ಅದರೊಳಗೆ ಹನ್ನೆರಡರಷ್ಟು ಮಂದಿಯ ‘ಕ್ಲಾಸ್’ಗಳಿದ್ದವು. 1742ರಲ್ಲಿ ಬ್ರಿಸ್ಟಲಿನ ಕೂಟದ ಮನೆಯ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಎತ್ತುವ ಏರ್ಪಾಡಿನಿಂದ ಹುಟ್ಟಿದ ಈ ಕ್ಲಾಸು ಮೆಥೊಡಿಸ್ಟರ ಆತ್ಮಪೋಷಣೆಯ ಬೆನ್ನೆಲುಬಾಯಿತು. ಹೆಸರು ಚಿಕ್ಕದಾಗಿದ್ದುದರಿಂದಲೇ ಅವನು ಸಾಯುವ ತನಕ ಇಂಗ್ಲೆಂಡಿನ ಸಭೆಯ ಯಾಜಕನಾಗಿ ಉಳಿಯಲು ಸಾಧ್ಯವಾಯಿತು.

ಈ ವಿವಾದದ ಎರಡು ಪಕ್ಷಗಳ ವಾರಸುದಾರರೂ ನಮ್ಮ ನಾಡಿಗೆ ಬಂದರು. ಬಳ್ಳಾರಿಯಲ್ಲಿ 1810ರಲ್ಲಿ ನೆಲೆಸಿ ಕನ್ನಡ ಸತ್ಯವೇದಕ್ಕೆ ಶ್ರಮಿಸಿದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್ನಿನವನು. ಆ ಮಿಷನ್ನಿಗೆ ಹೆಚ್ಚಿನ ಆಧಾರ ಕಾಂಗ್ರಿಗೇಶನಲ್ ಸಭೆಗಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಲೂಥರನ ಭಾಷಾಂತರದ ಸಮುದಾಯವಾಚಕ ಪದವನ್ನು ಓದಿ ಬೆಳೆದವರು. ಕನ್ನಡ ಸತ್ಯವೇದದಲ್ಲಿ ನೆಲೆಗೊಂಡ ಪದ ‘ಸಭೆ’. ಯೆಹೂದ್ಯರ ಸಿನಗಾಗಿಗೆ ಅದೇ ಸತ್ಯವೇದದಲ್ಲಿ ‘ಸಭಾಮಂದಿರ’ ಎಂದಿರುವುದನ್ನು ನಾವು ದಿನವೂ ಓದುತ್ತೇವೆ, ಗಮನಿಸುವುದಿಲ್ಲ. ಇಂಗ್ಲಿಷಿನಲ್ಲಿ ಪರಸ್ಪರ ಅಪರಿಚಿತವಾದ ಎರಡು ಪದಗಳು ಕನ್ನಡದಲ್ಲಿ ಒಂದೇ ಬೇರಿನ ಎರಡು ಚಿಗುರು. ನಗರಸಭೆ, ಗ್ರಾಮಸಭೆ, ವಿಧಾನಸಭೆಗಳ ಭಾಷೆಯಲ್ಲಿ ಎಫೆಸದ ಪೌರಸಭೆಯ ವೃತ್ತಾಂತಕ್ಕೂ ಬೇರೆ ಪದ ಹುಡುಕಬೇಕಾಗಿಲ್ಲ.

ಹಾಗೆಂದು ‘ಸಭೆ’ ಟಿಂಡೇಲನು ಬಯಸಿದ ಶುದ್ಧ ಪದವೆಂದು ಹಿಗ್ಗುವಂತಿಲ್ಲ. ಸಂಸ್ಕೃತದ ಸಭಾ ಎಂಬುದು ಕೂಡಿದ ಜನರನ್ನೂ ಕೂಡುವ ಚಾವಡಿಯನ್ನೂ ಹೇಳುತ್ತದೆ. ಭಾರತದ ಸಭಾಪರ್ವಕ್ಕೆ ಹೆಸರು ಬಂದದ್ದು ಮಯನು ಕಟ್ಟಿದ ಸಭಾಭವನದಿಂದ. ರಾಜಸಭೆಯ ನೆನಪೂ ಅದರೊಳಗಿದೆ: ಅಲ್ಲಿ ಸಿಂಹಾಸನವಿರುತ್ತದೆ, ಸ್ಥಾನಮಾನದ ಸಾಲುಗಳಿರುತ್ತವೆ. ‘ಕೂಟ’ ಎಂಬ ಪದವು ಅದಕ್ಕಿಂತ ಸಮತಟ್ಟಾದುದು. ನಾವು ಅದನ್ನು ಪ್ರಾರ್ಥನಾ ಕೂಟಕ್ಕೆ, ಸ್ತ್ರೀಯರ ಕೂಟಕ್ಕೆ ಮೀಸಲಿಟ್ಟಿದ್ದೇವೆ. 1860ರ ಭಾರತ ದಂಡ ಸಂಹಿತೆಯು ಐವರು ಅಥವಾ ಹೆಚ್ಚು ಮಂದಿಯ ದುರುದ್ದೇಶದ ಸೇರುವಿಕೆಗೆ ಇಟ್ಟ ಹೆಸರನ್ನು ಕನ್ನಡಿಸುವಾಗಲೂ ‘ಅಕ್ರಮ ಕೂಟ’ ಎಂದೇ ಬರೆಯುತ್ತಾರೆ. ಪೆನ್ನನ ಮೇಲಿನ ಆಪಾದನೆಗೆ ನಮ್ಮಲ್ಲಿ ಬಂದ ಹೆಸರು ಅದು.

1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನರೂ ಮೆಥೊಡಿಸ್ಟರೂ, ಕಾಂಗ್ರಿಗೇಶನಲ್ ಮತ್ತು ಪ್ರೆಸ್ಬಿಟೇರಿಯನ್ ಪರಂಪರೆಗಳ ದಕ್ಷಿಣ ಇಂಡಿಯಾ ಐಕ್ಯ ಸಭೆಯವರೂ ಮದ್ರಾಸಿನಲ್ಲಿ ಒಂದಾದಾಗ, ಬ್ಯಾಂಕ್ರಾಫ್ಟನ ನಿಯಮದ ಈಚೆಯವರೂ ಆಚೆಯವರೂ ಒಂದೇ ಮೇಜಿಗೆ ಬಂದರು. ಇಂಗ್ಲಿಷ್ ಹೆಸರಿನಲ್ಲಿ ‘ಚರ್ಚ್’ ಉಳಿಯಿತು. ಕನ್ನಡದಲ್ಲಿ ‘ದಕ್ಷಿಣ ಇಂಡಿಯಾ ಸಭೆ’ ಎಂದಾಯಿತು. ಇಂಗ್ಲಿಷ್ ನಡವಳಿಗಳಲ್ಲಿ ಆಸ್ತಿಯ ಮಾತು ಬಂದಾಗ ‘ಚರ್ಚ್’, ಜನರ ಮಾತು ಬಂದಾಗ ‘ಕಾಂಗ್ರಿಗೇಶನ್’, ಅಂದಿನ ಸೇರುವಿಕೆಗೆ ‘ಮೀಟಿಂಗ್’ ಎಂದು ಬರೆಯುವುದು ರೂಢಿ. ಕನ್ನಡದ ನಡವಳಿ ಪುಸ್ತಕದಲ್ಲಾದರೋ, ಸಭೆಯ ಜಾಗದ ವಿಷಯವಾಗಿ ಸಭೆಯು ಸಭೆಯಲ್ಲಿ ತೀರ್ಮಾನಿಸಿತೆಂದು ಬರೆದರೆ ವ್ಯಾಕರಣದೋಷವೇನೂ ಇಲ್ಲ. ಜಾಗದ ಒಡೆಯರು ಇಡೀ ಸಭಾಸಂಸ್ಥೆಯೋ, ಭಾನುವಾರ ಆ ಊರಿನಲ್ಲಿ ಆರಾಧನೆಗೆ ಕೂಡುವವರೋ, ಅಂದು ಹಾಜರಿದ್ದು ಸಹಿ ಮಾಡಿದವರೋ ಎಂಬುದನ್ನು ಆ ವಾಕ್ಯದಿಂದ ತಿಳಿಯಲಾಗದು. ಜಾಗವನ್ನು ಮಾರುವ ಪ್ರಸ್ತಾಪ ಬಂದ ದಿನ ಹಿಂದಿನ ಬೆಂಚಿನಿಂದ ಎದ್ದು ನಿಂತು, ಯಾವ ಸಭೆಯ ಒಪ್ಪಿಗೆ ಎಂದು ಕೇಳುವ ಸದಸ್ಯನು ಟಿಂಡೇಲನ ಪ್ರಶ್ನೆಯನ್ನೇ ಕೇಳುತ್ತಿರುತ್ತಾನೆ.